ಮುಚ್ಚಳ ತೆಗೆಯುವ ತೊಮಾಸಾ

ಬೇಯಿಸಿದ ಆಲೂಗಡ್ಡೆಯನ್ನು ಕೆಡಿಸುವುದಕ್ಕೂ ಒಂದು ಯೋಗ್ಯತೆ ಬೇಕು. ಬೇಕಾಗುವ ಸಾಮಾನೇ ಮಡಕೆ, ನೀರು, ಬೆಂಕಿ ಮತ್ತು ಗಡ್ಡೆ. ಅಷ್ಟರಲ್ಲಿ ಎಡವಲು ಜಾಗವೇ ಇಲ್ಲ. ಆದರೂ ನಮ್ಮ ಗುಡ್ಡಗಳ ಮೇಲಿನ ಪೊಮಾಕಂಚಾ ಊರಿನ ತೊಮಾಸಾ ಅಲ್ಲಿಗೆ ಸೊಸೆಯಾಗಿ ಬಂದಾಗಿನಿಂದ ದಿನಕ್ಕೆರಡು ಹೊತ್ತು ತಪ್ಪದೆ ಎಡವುತ್ತಲೇ ಇದ್ದಳು. ಅವಳ ಗಡ್ಡೆ ಮೇಲೆ ಬೆಂದಿರುತ್ತಿತ್ತು, ನಡುವೆ ಕಲ್ಲು. ಹಲ್ಲಿಗೆ ಸಿಕ್ಕರೆ ಕಟಕ್ ಎನ್ನುತ್ತಿತ್ತು. ಊರಿನ ಬೊಚ್ಚುಬಾಯಿ ಮುದುಕರು ಅವಳ ಮನೆ ಮುಂದೆ ಹಾಯುವಾಗ, ಯಾರೂ ಕೇಳದಿದ್ದರೂ, “ಊಟ ಆಯ್ತಮ್ಮಾ” ಎಂದು ಕೂಗಿಕೊಂಡೇ ಹೋಗುತ್ತಿದ್ದರು.

ಬೇರೆ ಊರಾಗಿದ್ದರೆ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಕೆಳಗಿನ ಕಣಿವೆಯವರು ಮುಸುಕಿನ ಜೋಳ ತಿಂದು ಬದುಕುವ ಜನ. ಅವರಿಗೆ ಆಲೂಗಡ್ಡೆ ಎಂದರೆ ಒಂದೇ ಜಾತಿ, ಒಂದೇ ರುಚಿ, ನೀರು ತುಂಬಿದ ಚೀಲ. ನಮ್ಮಲ್ಲಿ ಹಾಗಲ್ಲ. ಒಂದೇ ಸಾಲಿನಲ್ಲಿ ಹತ್ತಾರು ಜಾತಿ ಕಲೆಸಿ ಬಿತ್ತುತ್ತೇವೆ, ಕಲೆಸಿಯೇ ಅಗೆಯುತ್ತೇವೆ, ಕಲೆಸಿಯೇ ಬೇಯಿಸುತ್ತೇವೆ. ನಾವು ಉಣ್ಣೆಗೆ ಸಾಕುವ ಲಾಮಾದ ಮೂಗಿನ ಹೆಸರಿನ ಗಡ್ಡೆ ಉದ್ದಕ್ಕೆ ಕೆಂಪಗೆ ಇರುತ್ತದೆ. ಪೂಮಾದ ಪಂಜ ಎಂಬ ಗಡ್ಡೆಗೆ ಬೆರಳುಗಳೂ ಇವೆ. ಹಂದಿ ಲದ್ದಿ ಎಂಬುದು ನೋಡಲು ಹೆಸರಿಗೆ ತಕ್ಕ ಹಾಗೇ ಇದೆ, ಆದರೆ ತಿಂದರೆ ಬೆಣ್ಣೆ. ಹೆಸರಿಟ್ಟ ಪುಣ್ಯಾತ್ಮ ತಿನ್ನುವ ಮೊದಲೇ ಇಟ್ಟಿರಬೇಕು. ಗುಡ್ಡದ ಆಚೆ ಬದಿಯ ಕೆಂಪು ಮಣ್ಣಿನಲ್ಲಿ ಬೆಳೆದ ಕೋಂಪಿಸ್ ಗಡ್ಡೆ ಬಾಯಲ್ಲಿಟ್ಟರೆ ಹಿಟ್ಟಾಗುತ್ತದೆ. ಅದೇ ಬೀಜ ಈಚೆಯ ಕಪ್ಪು ಮಣ್ಣಿಗೆ ಬಿದ್ದರೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಯಾವುದು ಮೇಲೆಂದು ಆಚೆಯವರಿಗೂ ಈಚೆಯವರಿಗೂ ತಾತಂದಿರ ಕಾಲದಿಂದ ಜಗಳವಿದೆ, ಮತ್ತು ಈಚೆಯವರು ಹೇಳುವುದೇ ಸರಿ.

ಇವನ್ನೆಲ್ಲ ಒಂದೇ ಮಡಕೆಯಲ್ಲಿ ಹದವಾಗಿ ಬೇಯಿಸುವುದರಲ್ಲಿ ಹೆಂಗಸಿನ ಕೈಗುಣ ಗೊತ್ತಾಗುತ್ತದೆ. ತಳಕ್ಕೆ ಹುಲ್ಲು, ಹುಲ್ಲಿನ ಮೇಲೆ ಗಟ್ಟಿ ಗಡ್ಡೆ, ಅದರ ಮೇಲೆ ಬೇಗ ಬಿರಿಯುವ ಹಿಟ್ಟಿನ ಗಡ್ಡೆ, ಒಂದೆರಡು ಬೊಗಸೆ ನೀರು, ಮಡಕೆ ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಮುಚ್ಚಳ. ಆಮೇಲೆ ಕೈ ಕಟ್ಟಿಕೊಂಡು ಕೂರಬೇಕು. ನಮ್ಮ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಗಡ್ಡೆ ಬೇಗ ಬೇಯುವುದಿಲ್ಲ. ನಡುವೆ ಮುಚ್ಚಳ ಎತ್ತಿದರೆ ಹಬೆಯೆಲ್ಲ ಸೂರಿಗೆ ಹೋಗುತ್ತದೆ, ಗಡ್ಡೆ ಕಲ್ಲಾಗಿಯೇ ಉಳಿಯುತ್ತದೆ.

ತೊಮಾಸಾ ಮುಚ್ಚಳ ಎತ್ತುತ್ತಿದ್ದಳು. ಒಂದು ಸಲ ಎತ್ತಿ ಕಡ್ಡಿಯಿಂದ ಚುಚ್ಚಿ ನೋಡುವಳು. ಮುಚ್ಚುವಳು. ಮಡಕೆ ಗುಳುಗುಳು ಎಂದ ಕೂಡಲೇ ಮತ್ತೆ ಎತ್ತುವಳು. ಮೂರನೆಯ ಸಲ ಎತ್ತಿದಾಗ, “ಸಾಕಪ್ಪಾ, ಇನ್ನು ಒಡೆದು ಹೋಗುತ್ತೆ” ಎಂದು ಮಡಕೆಯನ್ನೇ ಕೆಳಗಿಳಿಸಿಬಿಡುವಳು.

ಗಡ್ಡೆ ಅಗೆಯುವ ಕಾಲದಲ್ಲಿ ಇದು ಬೀದಿಗೆ ಬರುತ್ತಿತ್ತು. ಮಧ್ಯಾಹ್ನ ಹೊಲದ ಬದುವಿನಲ್ಲಿ ದೊಡ್ಡ ಕಂಬಳಿ ಹಾಸಿ, ಪ್ರತಿ ಮನೆಯ ಹೆಂಗಸೂ ತನ್ನ ಮಡಕೆಯನ್ನು ಅದರ ಮೇಲೆ ಸುರಿಯಬೇಕು. ಎಲ್ಲರ ಗಡ್ಡೆಯೂ ಒಂದೇ ರಾಶಿ, ಯಾರ ಪಾಲು ಯಾರಿಗೂ ಇಲ್ಲ. ಆದರೆ ಹೊಸ ಗಡ್ಡೆಯ ಸಿಪ್ಪೆ ಚಾಡಿಕೋರ. ಹದವಾಗಿ ಬೆಂದಿದ್ದರೆ ಬಿರಿದು ನಗುತ್ತದೆ, ಬೇಯದಿದ್ದರೆ ಬಿಗಿದುಕೊಂಡು ಕೂರುತ್ತದೆ. ಊರವರು ನಗುವ ಗಡ್ಡೆಗಳನ್ನು ಆರಿಸಿ ಆರಿಸಿ ತಿಂದು, ಖಾರ ನೆಕ್ಕಿ, ಗಿಣ್ಣು ಮುಗಿಸಿ ಎದ್ದಾಗ ಕಂಬಳಿಯ ಒಂದು ಮೂಲೆಯಲ್ಲಿ ತೊಮಾಸಾಳ ಗಡ್ಡೆಗಳು ಮಾತ್ರ ಉಳಿದಿರುತ್ತಿದ್ದವು.

ಆಗ ಬಾಲ್ತಸಾರಾ ಬಾಯಿ ತೆಗೆಯುತ್ತಿದ್ದಳು. ಇವಳು ತೊಮಾಸಾಳ ಗಂಡನ ಅಕ್ಕ. ಅದೇ ಊರಿಗೆ ಮದುವೆಯಾಗಿದ್ದವಳು. ಗಂಡನನ್ನು ಮಣ್ಣಿಗೆ ಕಳಿಸಿದ ಮೇಲೆ ಊರಿನ ಎಲ್ಲ ಅಡುಗೆಮನೆಗೂ ಮೂಗು ತೂರಿಸಲು ಅವಳಿಗೆ ಧಾರಾಳ ಪುರುಸೊತ್ತು ಸಿಕ್ಕಿತ್ತು. ಅವಳ ಗಡ್ಡೆ ಹೇಗೆ ಬೇಯುತ್ತಿತ್ತೆಂದರೆ, ಅವಳ ಮೇಲೆ ಕೋಪ ಮಾಡಿಕೊಂಡವರೂ ಮೊದಲು ತಿಂದು, ಆಮೇಲೆ ಕೋಪ ಮಾಡಿಕೊಳ್ಳುತ್ತಿದ್ದರು.

“ಏನೇ ತೊಮಾಸಾ, ಇವನ್ನ ತಿನ್ನೋಕೆ ತಂದ್ಯೋ, ಬಿತ್ತೋಕೆ ತಂದ್ಯೋ?”

“ಯಾರ ತಲೆಗಾದ್ರೂ ಹೊಡಿಯೋಣ ಅಂತ ತಂದೆ ಅತ್ತಿಗೆ. ಗುರಿ ನೋಡ್ಕೋತಾ ಇದ್ದೀನಿ.”

ಜನ ನಗುತ್ತಿದ್ದರು. ತೊಮಾಸಾಳೂ ನಗುತ್ತಿದ್ದಳು. ಮಾತಿನಲ್ಲಿ ಅವಳನ್ನು ಸೋಲಿಸಿದವರು ಆ ಗುಡ್ಡಗಳಲ್ಲಿ ಹುಟ್ಟಿರಲಿಲ್ಲ. ಕಲ್ಲಿನ ಮೇಲೆ ಅವಳು ಅರೆದ ಖಾರಕ್ಕೆ ಊರೇ ಬಾಯಿ ಬಿಡುತ್ತಿತ್ತು. ಬೀಜದ ಗಡ್ಡೆ ಆರಿಸಲು ಅವಳನ್ನೇ ಕರೆಯುತ್ತಿದ್ದರು. ಕುಣಿತಕ್ಕೆ ಇಳಿದರೆ ಗಂಡಸರು ಸುಸ್ತಾಗಿ ಕೂರುತ್ತಿದ್ದರು. ಒಲೆಯೊಂದು ಬಿಟ್ಟು ಅವಳಿಗೆ ಯಾವುದೂ ಕಷ್ಟವಿರಲಿಲ್ಲ.

ಗಂಡ ಎಲಾದಿಯೊ ಬಾಯಿಲ್ಲದ ಸಾಧು. ಒಂದು ದಿನವೂ ದೂರಿದವನಲ್ಲ. ಬೆಳಿಗ್ಗೆ ಹೆಂಡತಿ ಕೊಟ್ಟ ಗಡ್ಡೆಗಳನ್ನು ಭಕ್ತಿಯಿಂದ ಗಂಟು ಕಟ್ಟಿಕೊಂಡು, ಲಾಮಾಗಳನ್ನು ಹೊಡೆದುಕೊಂಡು ಗುಡ್ಡ ಏರುತ್ತಿದ್ದ. ಗುಡ್ಡದ ಮರೆಗೆ ಹೋದ ಮೇಲೆ ಮಣ್ಣಿನ ಹೆಂಟೆಗಳನ್ನು ಗೂಡಿನ ಹಾಗೆ ಜೋಡಿಸಿ, ಒಳಗೆ ಸಗಣಿ ಉರಿಸಿ, ಹೆಂಟೆ ಕೆಂಪಗಾದ ಮೇಲೆ ಗಡ್ಡೆಗಳನ್ನು ಒಳಕ್ಕೆ ಹಾಕಿ ಗೂಡನ್ನು ಕುಟ್ಟಿ ಕೆಡವಿ, ಬಿಸಿ ಮಣ್ಣಿನಲ್ಲಿ ಎರಡನೆಯ ಸಲ ಬೇಯಿಸಿ ತಿನ್ನುತ್ತಿದ್ದ. ಮಗ ತೆಯೋಫಿಲೊ ಇನ್ನೊಂದು ಗುಡ್ಡದ ಮರೆಯಲ್ಲಿ ಅದನ್ನೇ ಮಾಡುತ್ತಿದ್ದ. ಅಪ್ಪನ ಗುಟ್ಟು ಮಗನಿಗೆ ಗೊತ್ತಿರಲಿಲ್ಲ, ಮಗನ ಗುಟ್ಟು ಅಪ್ಪನಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ನಿಂತ ತೊಮಾಸಾಳಿಗೆ ಮಾತ್ರ ಎರಡು ಹೊಗೆಯೂ ಚೆನ್ನಾಗಿ ಕಾಣುತ್ತಿದ್ದವು. ಲಾಮಾ ಮೇಯಿಸಲು ಬೆಂಕಿ ಯಾಕೆ ಬೇಕೆಂದು ಅವಳು ಯಾವತ್ತೂ ಕೇಳಲಿಲ್ಲ.

ಇಷ್ಟು ಚುರುಕಾದ ಹೆಂಗಸಿಗೆ ಒಂದು ಮಡಕೆ ಯಾಕೆ ಹಿಡಿತಕ್ಕೆ ಬರಲಿಲ್ಲ ಎಂಬುದಕ್ಕೆ ಕಾರಣವಿದೆ. ನಮ್ಮ ಕಡೆ ಸೊಸೆ ಅಳಿಸುವ ಗಡ್ಡೆ ಎಂಬುದೊಂದಿದೆ. ಹಸಿ ಶುಂಠಿ ಮುಷ್ಟಿ ಕಟ್ಟಿ ಕೂತ ಹಾಗೆ ಮೈಯೆಲ್ಲ ಗಂಟು, ಗಂಟುಗಳ ಸಂದಿಯಲ್ಲಿ ಕುಳಿ, ಕುಳಿಯೊಳಗೆ ಸಿಪ್ಪೆ. ಹುಡುಗಿ ಗಂಡನ ಮನೆಗೆ ಕಾಲಿಡುವ ದಿನ ಅತ್ತೆ ತನ್ನ ಕೈಯಾರೆ ಅದನ್ನು ಬೇಯಿಸಿ ಕೊಡಬೇಕು. ಹುಡುಗಿ ಬಾಗಿಲ ಮುಂದೆ ನೆಲಕ್ಕೆ ಕೂತು, ಉಗುರಿನಲ್ಲೇ, ಒಂದು ಗಂಟೂ ಮುರಿಯದ ಹಾಗೆ ಅದರ ಸಿಪ್ಪೆ ಸುಲಿಯಬೇಕು. ಸುಲಿದರೆ ಅತ್ತೆ ಅರ್ಧ ತಿಂದು, ಉಳಿದರ್ಧವನ್ನು ಮನೆತನದ ಹಿರಿ ಹೆಂಗಸಿಗೆ ಕೊಡುತ್ತಾಳೆ, ಹುಡುಗಿ ಒಳಗೆ ಬರುತ್ತಾಳೆ. ಮುರಿದರೆ ಹುಡುಗಿಯ ಕಡೆಯವರು ತಾವು ತಂದ ಚಿಚಾ ಹೆಂಡದ ಮಡಕೆ ಎತ್ತಿಕೊಂಡು ಬಂದ ದಾರಿ ಹಿಡಿಯುತ್ತಾರೆ. ಮತ್ತೆ ಕೇಳಿಕೊಂಡು ಹೋಗುವ ಮುಖ ಯಾರಿಗೂ ಇರುವುದಿಲ್ಲ. ಗಡ್ಡೆಯನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ಕಟ್ಟಳೆಯಲ್ಲಿ ಹೇಳಿಲ್ಲ. ಕಟ್ಟಳೆ ಮಾಡಿದ್ದು ಅತ್ತೆಯರೇ ಇರಬೇಕು.

ತೊಮಾಸಾಳ ಅತ್ತೆ ಅವತ್ತು ಗಡ್ಡೆಯನ್ನು ಕೋಳಿ ಕೂಗುವಾಗ ಒಲೆಗಿಟ್ಟು, ನೆತ್ತಿಯ ಮೇಲೆ ಬಿಸಿಲು ಬಂದಾಗ ಇಳಿಸಿದ್ದಳು. ತೊಮಾಸಾ ಉಗುರು ತಾಕಿಸಿದ್ದೇ ತಡ, ಅದು ಮುದ್ದೆಯಾಗಿ ಮಡಿಲಿಗೆ ಬಿತ್ತು. ಹೊಸ ಲಂಗದ ಮೇಲೆ ಬಿಸಿ ಬಿಸಿ ಗಂಜಿ. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಗಿನ್ನೂ ಹರೆಯದ ಬಾಲ್ತಸಾರಾ. ತೊಮಾಸಾಳ ಅಪ್ಪ ಹೆಂಡದ ಮಡಕೆಗೆ ಕೈ ಹಾಕಿದ. ಆಗ ಎಲಾದಿಯೊ, ಜನ್ಮದಲ್ಲಿ ಒಮ್ಮೆ, ನಾಲ್ಕು ಜನರ ಮುಂದೆ ಬಾಯಿಬಿಟ್ಟ. ಹುಡುಗಿ ವಾಪಸ್ಸು ಹೋಗುವ ಸ್ಥಿತಿಯಲ್ಲಿಲ್ಲ, ಆಗಲೇ ಇಬ್ಬರಾಗಿದ್ದಾಳೆ ಎಂದ. ಹೊಟ್ಟೆಯಲ್ಲಿದ್ದ ತೆಯೋಫಿಲೊ ಅವ್ವನ ಮಾನ ಕಾಪಾಡಿದ, ಅಥವಾ ಕಳೆದ, ಹೇಗಾದರೂ ಅನ್ನಿ. ಮದುವೆಯೇನೋ ಆಯಿತು. ಆದರೆ ಅತ್ತೆ ಸಾಯುವವರೆಗೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಗಡ್ಡೆ ಒಡೆದವಳೇ, ನೀರು ತಾ’, ‘ಗಡ್ಡೆ ಒಡೆದವಳೇ, ಬಾಗಿಲು ಹಾಕು’. ಆ ಅತ್ತೆಯ ಆತ್ಮಕ್ಕೆ ದೇವರು ಬೇಕಾದರೆ ಶಾಂತಿ ಕೊಡಲಿ. ತೊಮಾಸಾಳ ಶಿಫಾರಸು ಇಲ್ಲ.

ಅವತ್ತಿನಿಂದ ಮಡಕೆ ಗುಳುಗುಳು ಎಂದರೆ ಸಾಕು, ತೊಮಾಸಾಳ ಮಡಿಲು ಸುಡುತ್ತಿತ್ತು. ಕೈ ತಾನಾಗಿ ಮುಚ್ಚಳಕ್ಕೆ ಹೋಗುತ್ತಿತ್ತು. ಹಸಿ ತಿಂದು ಯಾರೂ ಸತ್ತಿಲ್ಲ, ಹಲ್ಲಿಗೆ ಒಳ್ಳೆಯದು ಎಂದು ಎದುರಿನವರ ಬಾಯಿ ಮುಚ್ಚಿಸುತ್ತಿದ್ದಳು. ಒಳಗೆ ಇದ್ದದ್ದು ಹೆದರಿಕೆ, ಶುದ್ಧ ಹೆದರಿಕೆ. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಈ ಹೆದರಿಕೆಗೆ ದಂಡ ಕಟ್ಟಿದವನು ಮಗ. ತೆಯೋಫಿಲೊನಿಗೆ ಮೂವತ್ತು ದಾಟಿತ್ತು. ಕಿವಿಗಳು ಮಾತ್ರ ಸ್ವಲ್ಪ ಧಾರಾಳವಾಗಿದ್ದವು, ಉಳಿದಂತೆ ಹುಡುಗನಲ್ಲಿ ಐಬಿರಲಿಲ್ಲ. ಆದರೂ ಹೆಣ್ಣು ಕೇಳಲು ಹೋದ ಕಡೆಯೆಲ್ಲ ಒಂದೇ ಉತ್ತರ: “ಹುಡುಗ ಪರವಾಗಿಲ್ಲಮ್ಮ. ಆದ್ರೆ ನಮ್ಮ ಹುಡುಗಿ ಹಲ್ಲು ಇನ್ನೂ ಚೆನ್ನಾಗಿದೆ.” ಅಂಥ ಮಾತು ಕೇಳಿಕೊಂಡು ಬಂದ ದಿನ ತೊಮಾಸಾ ತಮಾಷೆ ಮಾಡುತ್ತಿರಲಿಲ್ಲ. ತನ್ನ ಮಡಕೆಯಿಂದಾಗಿ ಮಗ ಒಂಟಿಯಾಗಿ ಮುದುಕನಾಗುತ್ತಾನಲ್ಲ ಎಂದು ಮಡಕೆಯನ್ನು ಒಲೆಯಿಂದ ದೂರ ತಳ್ಳಿ ಕೂರುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ತೆಯೋಫಿಲೊ ಪೌಕರ್ತಾಂಬೊ ಸಂತೆಯಿಂದ ಒಂದು ಮೂಟೆ ಆಲೂಗಡ್ಡೆ ಹೊತ್ತು ತಂದ. ಮನೆಯ ಅಟ್ಟದಲ್ಲಿ ಆಲೂಗಡ್ಡೆ, ಮಂಚದ ಕೆಳಗೆ ಆಲೂಗಡ್ಡೆ, ಬಾಗಿಲ ಹಿಂದೆ ಆಲೂಗಡ್ಡೆ. ಇವನು ಉಣ್ಣೆ ಕೊಟ್ಟು ಆಲೂಗಡ್ಡೆ ತಂದಿದ್ದ! ಮುಂದಿನ ಭಾನುವಾರ ಇನ್ನೊಂದು ಮೂಟೆ ಬಂತು. ಅದರ ಮುಂದಿನ ಭಾನುವಾರ ಎರಡು.

“ಏನೋ ಇದು?” ಎಂದಳು ತೊಮಾಸಾ. “ತಲೆಗಿಲೆ ಕೆಟ್ಟಿದ್ಯಾ?”

“ಇದು ಆಚೆ ಬದಿ ಕೋಂಪಿಸ್ ಅವ್ವ. ಹಿಟ್ಟು ಹಿಟ್ಟಾಗಿರುತ್ತೆ.”

“ಆಚೆ ಬದೀದನ್ನ ನಾವು ಯಾವತ್ತೋ ತಿಂದಿದ್ದು? ನಿಮ್ಮ ತಾತ ಕೇಳಿದ್ರೆ ಗೋರಿಯಿಂದ ಎದ್ದು ಬಂದಾನು. ಯಾರು ಮಾರ್ತಾ ಇರೋದು?”

ತೆಯೋಫಿಲೊನ ಕಿವಿಗಳು ಕೆಂಪಗಾದವು. ಅಷ್ಟು ದೊಡ್ಡ ಕಿವಿ ಕೆಂಪಗಾದರೆ ಮುಚ್ಚಿಡುವುದು ಕಷ್ಟ. ಮಾರುವವಳ ಹೆಸರು ದೆಲ್ಫಿನಾ, ಗುಡ್ಡದ ಆಚೆಯವಳು, ಇಪ್ಪತ್ತೆಂಟರ ಗಟ್ಟಿ ಹೆಂಗಸು, ಇನ್ನೂ ಮದುವೆಯಾಗಿಲ್ಲ. ತೊಮಾಸಾ ಎರಡನೆಯ ಮಾತಾಡದೆ ಮುಂದಿನ ಭಾನುವಾರ ಗಂಡನನ್ನು ಎಳೆದುಕೊಂಡು ಹುಡುಗಿಯ ಮನೆಗೆ ಹೋದಳು. ಅವಳ ಅಪ್ಪ ಗಂಟಲು ಸರಿಮಾಡಿಕೊಂಡು ಯೋಚಿಸೋಣ ಎನ್ನುವಷ್ಟರಲ್ಲಿ ದೆಲ್ಫಿನಾ ಒಳಗಿನಿಂದಲೇ, “ನಂಗೆ ಒಪ್ಪಿಗೆ” ಎಂದಳು. ತೊಮಾಸಾ ದಾರಿಯುದ್ದಕ್ಕೂ ಹಾಡಿಕೊಂಡು ಮನೆಗೆ ಬಂದಳು.

ಹಾಡು ನಿಲ್ಲಿಸಿದ್ದು ಬಾಲ್ತಸಾರಾ.

“ಒಳ್ಳೇದಾಯ್ತು ಬಿಡು. ಅಂತೂ ಆ ಕಿವಿಗೊಂದು ಜೊತೆ ಸಿಕ್ತು. ಗಡ್ಡೆ ಆರಿಸಿಟ್ಟಿದ್ದೀಯಾ?”

“ಯಾವ ಗಡ್ಡೆ?”

“ಯಾವ ಗಡ್ಡೆ ಅಂತೀಯಲ್ಲೇ! ಸೊಸೆ ಅಳಿಸೋದು. ನೀನೇ ಅಲ್ವಾ ಈಗ ಅತ್ತೆ? ನೀನೇ ಬೇಯಿಸ್ಬೇಕು. ನಾನು ಹಿರಿಯವಳು, ಅರ್ಧ ನಂಗೆ ಬರಬೇಕು.”

ತೊಮಾಸಾ ಬದುಕಿನಲ್ಲಿ ಯಾವತ್ತೂ ಮಾಡದ ಕೆಲಸ ಮಾಡಿದಳು: ಅತ್ತಿಗೆಯ ಕೈ ಹಿಡಿದುಕೊಂಡಳು.

“ಅತ್ತಿಗೆ, ನಿಮ್ಮ ಕೈ ಹದ ಊರಿಗೇ ಗೊತ್ತು. ನೀವೇ ಬೇಯಿಸಿಬಿಡಿ. ಯಾರಿಗೂ ಗೊತ್ತಾಗಲ್ಲ.”

“ಭೂತಾಯಿಗೆ ಗೊತ್ತಾಗಲ್ವಾ?”

“ಭೂತಾಯಿಗೆ ನಾನು ಒಂದು ಲೋಟ ಹೆಂಡ ಜಾಸ್ತಿ ಕೊಡ್ತೀನಿ.”

“ನಮ್ಮವ್ವ ನಿಂಗೆ ಬೇಯಿಸಿಕೊಟ್ಟಳು. ನೀನು ನಿನ್ನ ಸೊಸೆಗೆ ಬೇಯಿಸಿಕೊಡು,” ಎಂದು ಬಾಲ್ತಸಾರಾ ಹೊದ್ದ ಶಾಲು ಕೊಡವಿ ಹೊರಟುಹೋದಳು. ಅವಳ ಬೆನ್ನಿನಲ್ಲೇ ನಗು ಕಾಣುತ್ತಿತ್ತು.

ತೊಮಾಸಾ ಅಭ್ಯಾಸಕ್ಕೆ ಕೂತಳು. ಹೊಲದಲ್ಲಿ ಹೊಸದಾಗಿ ಅಗೆದ ಗಂಟುಗಡ್ಡೆಗಳನ್ನೆಲ್ಲ ಒಟ್ಟು ಮಾಡಿ ಒಂದೊಂದಾಗಿ ಬೇಯಿಸಿದಳು. ಮುಚ್ಚಳ ಎತ್ತಿದರೆ ಹಸಿ. ಎತ್ತಬಾರದೆಂದು ಅಂಗಳಕ್ಕೆ ಹೋಗಿ ಕೂತರೆ, ಹೆದರಿಕೆಯಲ್ಲಿ ಹೊತ್ತು ಮರೆತು, ಬಂದು ನೋಡುವಷ್ಟರಲ್ಲಿ ಗಂಜಿ. ಎಲಾದಿಯೊ ತನ್ನ ಕೈಲಾದ ಸಹಾಯವೆಂದು ಮುಚ್ಚಳದ ಮೇಲೆ ಕೈಯೂರಿ ಹಿಡಿದುಕೊಂಡ. ಅಂಗೈಗೆ ಬೊಬ್ಬೆ ಬಂತು. ಹಸಿಯಾದರೆ ತಿನ್ನಲು ಬರದ ಗಡ್ಡೆ ಎಂದು ಬಾಲ್ತಸಾರಾ ಜಗಲಿಯಲ್ಲೇ ಉಗಿಯುತ್ತಾಳೆ. ಗಂಜಿಯಾದರೆ ದೆಲ್ಫಿನಾ ಅಪ್ಪನ ಹಿಂದೆ ತಲೆ ತಗ್ಗಿಸಿಕೊಂಡು ಗುಡ್ಡ ಇಳಿಯುತ್ತಾಳೆ. ಎರಡರಲ್ಲಿ ಯಾವುದಾದರೂ ಮಗನ ಮದುವೆಗೆ ಮಣ್ಣು ಬೀಳುವುದು ಖಂಡಿತ. ಗಂಜಿಯನ್ನೂ ಹಸಿಯನ್ನೂ ಅಡುಗೆಮನೆಯ ಗಿನಿಹಂದಿಗಳು ತಿಂದು ಕೊಬ್ಬಿದವು. ಆ ಮನೆಯಲ್ಲಿ ಅವು ಮಾತ್ರ ಸಂತೋಷವಾಗಿದ್ದವು.

“ಬಿಡು ತೊಮಾಸಾ,” ಎಂದ ಎಲಾದಿಯೊ, ಕೈಗೆ ಸೊಪ್ಪು ಕಟ್ಟಿಕೊಳ್ಳುತ್ತ. “ಆಗಿದ್ದಾಗ್ಲಿ.”

“ನಿಂಗೇನು ಮಾರಾಯ, ನೀನು ಗುಡ್ಡದ ಹಿಂದೆ ಹೋಗಿ ಸುಟ್ಕೊಂಡು ತಿಂತೀಯ.”

ಎಲಾದಿಯೊ ಕಟ್ಟುತ್ತಿದ್ದ ಸೊಪ್ಪನ್ನು ಕೆಳಗೆ ಬೀಳಿಸಿದ. ಮೂವತ್ತು ವರ್ಷ ಕಾಪಾಡಿದ ಗುಟ್ಟು ಅವನ ಕೈಬೊಬ್ಬೆಗಿಂತ ಹೆಚ್ಚು ಉರಿಯಿತು.

ಆ ದಿನ ಬಂತು. ಗುಡ್ಡದ ಆಚೆಯಿಂದ ದೆಲ್ಫಿನಾ, ಅವಳ ಅಪ್ಪ, ನಾಲ್ಕಾರು ನೆಂಟರು, ಹೆಂಡದ ಮಡಕೆ, ಒಬ್ಬ ಪಿಟೀಲಿನವನು ಬಂದರು. ಊರು ಅಂಗಳ ತುಂಬಿತು. ತೊಮಾಸಾ ಒಳಗೆ ಒಲೆಯ ಮುಂದೆ ಕೂತಿದ್ದಳು. ಮಡಕೆಯಲ್ಲಿ ಒಂದೇ ಗಡ್ಡೆ, ಮುಷ್ಟಿ ಗಾತ್ರದ್ದು, ಮುಂಜಾನೆ ಅಗೆದದ್ದು. ಮುಚ್ಚಳ ಎತ್ತುವುದಿಲ್ಲವೆಂದು ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಹೊರಗೆ ಜನರ ಗದ್ದಲ, ಒಳಗೆ ಮಡಕೆಯ ಸದ್ದು. ಗುಳುಗುಳು ಎಂದಿತು. ಅವಳಿಗೆ ಮಡಿಲು ಸುಟ್ಟಿತು. ಇನ್ನೂ ಸ್ವಲ್ಪ ಎಂದುಕೊಂಡಳು. ಹಬೆ ಬಟ್ಟೆಯನ್ನು ಎತ್ತಿ ಪುಸ್ ಎಂದಿತು. ಸಾಕು! ಮುಚ್ಚಳ ಎಗರಿಸಿ, ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಹೊರಗೆ ಓಡಿಬಂದು ದೆಲ್ಫಿನಾಳ ಕೈಗಿಟ್ಟೇಬಿಟ್ಟಳು. ಕೊಡುವಾಗಲೇ ಅವಳಿಗೆ ಬಟ್ಟೆಯೊಳಗಿನ ಗಡಸು ಗೊತ್ತಾಯಿತು. ಆದರೆ ಕೊಟ್ಟಾಗಿತ್ತು.

ದೆಲ್ಫಿನಾ ಗಡ್ಡೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದಳು. ಒಂದು ಸಲ ತೊಮಾಸಾಳ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಸುಲಿಯಲು ಕೂತಳು. ಹೊಸ ಗಡ್ಡೆಯ ಸಿಪ್ಪೆ ತೆಳ್ಳಗಿತ್ತು. ಅವಳು ಹೆಬ್ಬೆರಳಿನ ಉಗುರಿನಿಂದ ಒಂದೊಂದು ಗಂಟನ್ನೂ ಬಿಡಿಸಿಕೊಂಡು, ಒಂದೊಂದು ಕುಳಿಯನ್ನೂ ಕಿರುಬೆರಳಿನ ಉಗುರಿನಿಂದ ಕೆರೆದುಕೊಂಡು ಹೋದಳು. ಪಿಟೀಲಿನವನು ನಿಲ್ಲಿಸಿದ. ಹೆಂಗಸರು ಕತ್ತು ಚಾಚಿದರು. ಬಾಲ್ತಸಾರಾ ಎಲ್ಲರಿಗಿಂತ ಮುಂದೆ ಕೂತು, ಈಗ ಮುರಿಯುತ್ತೆ, ಇನ್ನೇನು ಮುರಿಯುತ್ತೆ ಎಂದು ಎವೆಯಿಕ್ಕದೆ ನೋಡುತ್ತಿದ್ದಳು. ಮುರಿಯಲಿಲ್ಲ. ಕೊನೆಯ ಸಿಪ್ಪೆ ಬಿದ್ದಾಗ ದೆಲ್ಫಿನಾಳ ಅಂಗೈಯಲ್ಲಿ ಹಳದಿ ಗಡ್ಡೆ ಇಡಿಯಾಗಿ, ಗಂಟಿಗೆ ಗಂಟು ಲೆಕ್ಕವಾಗಿ ಕೂತಿತ್ತು.

ಜನ ಕೂಗಿದರು. ತೆಯೋಫಿಲೊನ ಕಿವಿಗಳು ಉರಿದವು. ದೆಲ್ಫಿನಾ ಗಡ್ಡೆಯನ್ನು ಎರಡು ಕೈಯಲ್ಲಿ ಅತ್ತೆಗೆ ಒಪ್ಪಿಸಿದಳು.

ತೊಮಾಸಾ ಅದನ್ನು ಅರ್ಧ ಮಾಡಲು ಹಿಸುಕಿದಳು. ಹಿಸುಕಲು ಬರಲಿಲ್ಲ. ಕಲ್ಲು.

“ತಾರೇ ನನ್ನ ಪಾಲು,” ಎಂದು ಬಾಲ್ತಸಾರಾ ಕೈ ಚಾಚಿದಳು. ಹಲ್ಲೆಲ್ಲ ಗಟ್ಟಿಯಿದ್ದ ಮುದುಕಿ. ಒಂದು ಕಚ್ಚಿದರೆ ಸಾಕು, ಹಸಿ ಗಡ್ಡೆ ಸುಲಿಸಿದ್ದು ಪರೀಕ್ಷೆಯೇ ಅಲ್ಲ, ಇನ್ನೊಂದು ಬೇಯಿಸು ಎಂದು ಊರಿಗೇ ಕೇಳುವ ಹಾಗೆ ಕೂಗುತ್ತಾಳೆ. ಇನ್ನೊಂದನ್ನು ಗಂಜಿ ಮಾಡದೆ ಬೇಯಿಸುವುದು ಈ ಜನ್ಮದಲ್ಲಿ ತನ್ನಿಂದ ಆಗುವುದಿಲ್ಲ. ತೊಮಾಸಾ ಚಾಚಿದ ಆ ಕೈ ನೋಡಿದಳು. ಬಾಗಿಲ ಮುಂದೆ ನೆಲದಲ್ಲಿ ಕೂತ ಹುಡುಗಿಯನ್ನು ನೋಡಿದಳು. ಬಾಯಿ ಅಗಲಿಸಿ, ಮುಷ್ಟಿ ಗಾತ್ರದ ಗಡ್ಡೆಯನ್ನು ಇಡಿಯಾಗಿ ಒಳಗೆ ತುರುಕಿಕೊಂಡಳು.

“ಅಯ್ಯೋ! ಏನೇ ಇದು! ನನ್ನ ಪಾಲು ಕಣೇ!”

ತೊಮಾಸಾ ಎರಡು ಕೆನ್ನೆಯನ್ನೂ ಉಬ್ಬಿಸಿಕೊಂಡು ತಲೆಯಲ್ಲಾಡಿಸಿದಳು. ಅಗಿದಳು. ಕಟಕ್ ಎಂದಿತು. ಪಕ್ಕದಲ್ಲಿದ್ದ ಎಲಾದಿಯೊನಿಗೆ ಆ ಸದ್ದು ಬಹಳ ಹಳೆಯ ಪರಿಚಯ. ಅವನು ಪಿಟೀಲಿನವನ ಬೆನ್ನಿಗೆ ಬೊಬ್ಬೆ ಬಂದ ಕೈಯಿಂದಲೇ ಒಂದು ಗುದ್ದಿ, “ಬಾರಿಸಯ್ಯಾ, ಏನು ನೋಡ್ತೀಯ!” ಎಂದು ಗದರಿದ. ಪಿಟೀಲು ಕಿರುಚಿತು. ತೊಮಾಸಾ ಕಟಕಟ ಅಗಿದಳು. ದವಡೆ ನೋಯಿತು, ಉಸಿರು ಸಿಕ್ಕಿಕೊಂಡಿತು, ಎರಡು ಕಣ್ಣಿನಿಂದಲೂ ನೀರು ಧಾರೆಯಾಗಿ ಇಳಿಯಿತು.

“ನೋಡ್ರಪ್ಪಾ, ಸೊಸೆ ಅಳಿಸೋ ಗಡ್ಡೆ ಅತ್ತೇನ ಅಳಿಸ್ತು!” ಎಂದು ಕುಡಿದವನೊಬ್ಬ ಕೂಗಿದ.

“ಸಂತೋಷಕ್ಕೆ ಕಣೋ ಮೂರ್ಖ,” ಎಂದಳು ಒಬ್ಬ ಮುದುಕಿ, ತಾನೂ ಕಣ್ಣೊರೆಸಿಕೊಳ್ಳುತ್ತ.

ಬಾಲ್ತಸಾರಾ ಮಾತ್ರ ಚಾಚಿದ ಕೈ ಹಿಂದಕ್ಕೆ ತೆಗೆದಿರಲಿಲ್ಲ. “ಹೇಗಿತ್ತು ಹೇಳು. ಬೆಂದಿತ್ತಾ?”

ಕೊನೆಯ ಚೂರು ಗಂಟಲನ್ನು ಗೀರಿಕೊಂಡು ಇಳಿಯಿತು. ತೊಮಾಸಾ ಒಂದು ಲೋಟ ಚಿಚಾವನ್ನು ಭೂತಾಯಿಗೆ ಒಂದು ಹನಿಯನ್ನೂ ಚೆಲ್ಲದೆ, ಪೂರ್ತಿ ತಾನೇ ಕುಡಿದಳು.

“ಬೆಣ್ಣೆ,” ಎಂದಳು. “ನಿಮ್ಮವ್ವನ ಕೈ ಹದ ಅತ್ತಿಗೆ. ಬಿಡೋಕೆ ಮನಸ್ಸೇ ಬರಲಿಲ್ಲ.”

ದೆಲ್ಫಿನಾ ಹೊಸಿಲು ದಾಟಿ ಒಳಗೆ ಬಂದಳು.

ಸಂಜೆ ಅಂಗಳದಲ್ಲಿ ಕುಣಿತ ನಡೆದಿತ್ತು. ತೊಮಾಸಾ ಮೊದಲ ಸಲ ಕುಣಿಯಲು ಹೋಗದೆ, ಅಡುಗೆಮನೆಯ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ದೆಲ್ಫಿನಾ ಮಡಿಲಿನಲ್ಲಿದ್ದ ಸಿಪ್ಪೆಗಳನ್ನು ತಂದು ಗಿನಿಹಂದಿಗಳ ಮುಂದೆ ಉದುರಿಸಿ, ಅತ್ತೆಯ ಪಕ್ಕ ಕೂತಳು.

“ಹೊಟ್ಟೆ ಹೇಗಿದೆ ಅತ್ತೆ?”

“ಹೊಟ್ಟೆಗೇನು ದಾಡಿ?”

“ಹಸಿ ಗಡ್ಡೆ ತಿಂದ್ರಲ್ಲ, ಅದಕ್ಕೆ ಕೇಳಿದೆ.”

ತೊಮಾಸಾ ಸೊಸೆಯ ಮುಖ ನೋಡಿದಳು. ನಾಲಿಗೆಯ ತುದಿಗೆ ಒಂದು ಚೆಂದದ ಸುಳ್ಳು ಬಂತು. ಅವಳು ಅದನ್ನು ಹೇಳಿಯೂ ಬಿಟ್ಟಳು. “ನಿಂಗೋಸ್ಕರವೇ ಕಣೇ. ಮುರೀಬಾರ್ದು ಅಂತ ನಾನೇ ಬೇಕು ಅಂತ...” ಇಷ್ಟು ವರ್ಷ ಊರಿನ ಬಾಯಿಯನ್ನೆಲ್ಲ ಮುಚ್ಚಿಸಿದ್ದ ಹೆಂಗಸಿಗೆ ಈ ಹುಡುಗಿಯ ಮುಂದೆ ಮಾತು ಮುಂದಕ್ಕೆ ಹೋಗಲಿಲ್ಲ.

“ಇಲ್ಲಮ್ಮ. ಸುಳ್ಳು. ನಂಗೆ ಬೇಯಿಸೋಕೆ ಬರಲ್ಲ. ಮಡಕೆ ಸದ್ದು ಮಾಡಿದ್ರೆ ಹೆದರಿಕೆ ಆಗುತ್ತೆ. ಎಷ್ಟು ವರ್ಷ ಆದ್ರೂ ಆಗುತ್ತೆ. ಇವತ್ತೂ ಆಯ್ತು.”

“ಗೊತ್ತು,” ಎಂದಳು ದೆಲ್ಫಿನಾ.

“ಯಾರು ಹೇಳಿದ್ದು? ಆ ಬಾಲ್ತಸಾರಾ ತಾನೇ?”

“ಸಂತೇಲಿ ಎಲ್ರೂ ಹೇಳ್ತಾರೆ ಅತ್ತೆ. ನಾನೇ ಕೇಳಿ ತಿಳ್ಕೊಂಡೆ.” ದೆಲ್ಫಿನಾ ಉಗುರಿನ ಸಂದಿಯ ಹಿಟ್ಟು ತೆಗೆಯುತ್ತ ಹೇಳಿದಳು. “ನದಿ ಆಚೆ ಒಂದೂರಲ್ಲಿ ಹೀಗೇ ಒಂದು ಬಾಗಿಲ ಮುಂದೆ ಕೂತಿದ್ದೆ ನಾನು. ಆ ಅತ್ತೆ ಕೊಟ್ಟ ಗಡ್ಡೆ ಮುಟ್ಟಿದ್ರೆ ಅಂಬಲಿ. ಎಲ್ಲ ಮಡಿಲಿಗೆ ಬಿತ್ತು. ಅಪ್ಪ ಹೆಂಡದ ಮಡಕೆ ಎತ್ಕೊಂಡು ಮುಂದೆ ಮುಂದೆ ಹೋದ್ರು, ನಾನು ಹಿಂದೆ ಹಿಂದೆ ಹೋದೆ. ಅವತ್ತಿಂದ ಯಾರು ಕೇಳಿದ್ರೂ ಬೇಡ ಅಂತಿದ್ದೆ. ಆಮೇಲೆ ನಿಮ್ಮ ಮಗ ಬಂದು ಮೂಟೆ ಮೂಟೆ ಕೊಳ್ಳೋಕೆ ಶುರು ಮಾಡಿದ. ಇವನ ಅವ್ವ ಗಡ್ಡೆ ಹೇಗೆ ಬೇಯಿಸ್ತಾಳೆ ಅಂತ ನಾಲ್ಕು ಜನರನ್ನ ಕೇಳಿದೆ. ಆಯಮ್ಮ ಹುಟ್ಟಿದಾಗಿಂದ ಒಂದು ಗಡ್ಡೇನೂ ಬೇಯಿಸಿಲ್ಲ, ಎಲ್ಲ ಹಸಿ ಹಸಿ ಇಳಿಸ್ತಾಳೆ ಅಂದ್ರು. ಅವತ್ತೇ ಮನಸ್ಸು ಮಾಡಿದೆ.”

ತೊಮಾಸಾ ಹೊಟ್ಟೆಯಿಂದ ಕೈ ತೆಗೆದು ನೆಟ್ಟಗೆ ಕೂತಳು.

“ನನ್ನ ಮಗನ್ನ ನೋಡಿ ಒಪ್ಕೊಂಡೆ ಅಂದ್ಕೊಂಡಿದ್ನಲ್ಲೇ!”

“ಆ ಕಿವಿ ನೋಡಿನಾ?”

ತೊಮಾಸಾಳಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು. ನಗುನಗುತ್ತಲೇ ಅದು ಯಾವಾಗ ಅಳುವಾಯಿತೋ ಅವಳಿಗೂ ತಿಳಿಯಲಿಲ್ಲ. ಗೋಡೆಗೆ ತಲೆ ಆನಿಸಿ, ಹೊರಗೆ ಜನ ಇದ್ದಾರೆಂಬ ನಾಚಿಕೆಯೂ ಇಲ್ಲದೆ ಜೋರಾಗಿ ಅತ್ತಳು. ಅವಳ ಅಡುಗೆಯ ಸುದ್ದಿ ಕೇಳಿ ಎಷ್ಟೋ ಹೆಣ್ಣುಗಳು ಆ ಮನೆಯ ದಾರಿ ತಪ್ಪಿಸಿಕೊಂಡು ಹೋಗಿದ್ದವು. ಇವಳೊಬ್ಬಳು ಅದೇ ಅಡುಗೆಯನ್ನು ನಂಬಿಕೊಂಡು ಗುಡ್ಡ ಹತ್ತಿ ಬಂದಿದ್ದಳು.